ಬಂದ್ರೇದೊಡ್ಡಿಯ ಸೊಪ್ಪಿನ ಕಲ್ಲು

ಮಾಗಡಿಗೆ ಹೋಗುವ ಇದ್ದಿಲಿನ ಬಸ್ಸು ಏರು ಬಂದ ಕೂಡಲೇ ನಿಲ್ಲುತ್ತದೆ ಎಂದು ಈ ಕಡೆ ಎಲ್ಲರಿಗೂ ಗೊತ್ತು. ಯುದ್ಧ ಶುರುವಾಗಿ ಪೆಟ್ರೋಲು ಕಾಣೆಯಾದ ಮೇಲೆ ಬಸ್ಸುಗಳ ಬೆನ್ನಿಗೊಂದು ಒಲೆ ಕಟ್ಟಿದ್ದಾರೆ. ಕ್ಲೀನರು ಇಳಿದು, ಒಲೆಯ ಬಾಯಿ ತೆಗೆದು, ಇದ್ದಿಲು ಸುರಿದು, ಗಾಳಿಯ ಚಕ್ರ ತಿರುಗಿಸುವ ತನಕ ಪ್ರಯಾಣಿಕರು ರಸ್ತೆಯಲ್ಲಿ ನಿಂತಿರಬೇಕು. ಹೋದ ತಿಂಗಳು ತಂಗಿಯ ಮಗಳ ಮದುವೆಗೆಂದು ಹೊರಟವನು ಹಾಗೆ ಸಂಜೆಯ ಹೊತ್ತು ಇಳಿದು ನಿಂತಿದ್ದೆ. ಕೈಗೆ ಕೆಲಸವಿಲ್ಲದೆ ಪಕ್ಕದ ಪೊದೆಯಿಂದ ಒಂದೆಲೆ ಕಿತ್ತು ಹೊಸಕಿದೆ. ಬೆರಳಿಗೆ ಅಂಟು ಹತ್ತಿತು. ಹುಳಿಯೂ ಕಹಿಯೂ ಕಲೆತ ಒಂದು ಒಣ ವಾಸನೆ. ಬಂದರೆ ಸೊಪ್ಪು! ತಲೆಯೆತ್ತಿ ನೋಡಿದರೆ ಎದುರಿಗೆ ಅದೇ ಬೆಟ್ಟಗಳು.

ಆ ಬೆಟ್ಟಗಳ ನಡುವೆ ನಾನು ಒಂದು ಬೇಸಿಗೆ ಕಳೆದಿದ್ದೇನೆ. ಆಗ ನನಗೆ ಮೀಸೆ ಕಪ್ಪಗಿತ್ತು. ಸರ್ಕಾರದ ಶಾಸನ ಹುಡುಕುವ ಕೆಲಸದಲ್ಲಿ ನಕಲುಗಾರನಾಗಿದ್ದೆ. ಕಲ್ಲಿನ ಮೇಲೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಹಳ್ಳಕ್ಕೆ ಇಳಿಸಿ, ಮೇಲೆ ಮಸಿಯ ಉಂಡೆ ಒತ್ತಿದರೆ ಅಕ್ಷರವೆಲ್ಲ ಬೆಳ್ಳಗೆ, ಮಿಕ್ಕದ್ದೆಲ್ಲ ಕಪ್ಪಗೆ ಏಳುತ್ತದೆ. ಅದಕ್ಕೆ ಪಡಿಯಚ್ಚು ಅನ್ನುತ್ತಾರೆ. ಅದನ್ನು ತೆಗೆಯುವುದು ನನ್ನ ಕೆಲಸ, ಓದುವುದು ನನ್ನ ಮೇಲಿನವರಾದ ಜೋಯಿಸರ ಕೆಲಸ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. 'ಏನಯ್ಯ ನಕಲು' ಎಂದೇ ಕರೆಯುತ್ತಿದ್ದರು. ನನಗೂ ಅದು ರೂಢಿಯಾಗಿ, ಊರಿನಲ್ಲಿ ಯಾರಾದರೂ ನಿಜವಾದ ಹೆಸರು ಕೂಗಿದರೆ ಒಂದು ಗಳಿಗೆ ತಡವಾಗಿ ತಿರುಗುತ್ತಿದ್ದೆ.

ಕಲ್ಲು ಹುಡುಕುವವರಿಗೆ ಬೇಸಿಗೆಯೇ ಸುಗ್ಗಿ. ಹುಲ್ಲು ಸುಟ್ಟಿರುತ್ತದೆ, ಎಲೆ ಉದುರಿರುತ್ತದೆ, ನೆಲ ತನ್ನಲ್ಲಿರುವುದನ್ನೆಲ್ಲ ತೋರಿಸಿಕೊಂಡು ಬಿದ್ದಿರುತ್ತದೆ. ಆದರೆ ಅದೇ ಬೇಸಿಗೆ ಕೊಲ್ಲುವುದಕ್ಕೂ ಸೈ. ಅದಕ್ಕಾಗಿ ಜೋಯಿಸರು ತಮ್ಮದೇ ಕಟ್ಟಳೆಗಳನ್ನು ಮಾಡಿಕೊಂಡಿದ್ದರು. ಬೆಳಕು ಹರಿಯುವ ಮೊದಲೇ ಹೊರಡಬೇಕು, ನೆರಳು ಕಾಲಡಿಗೆ ಬರುವಷ್ಟರಲ್ಲಿ ಹಿಂದಿರುಗಬೇಕು. ಬಂಡೆಯ ಬಿರುಕಿಗೆ ಕೋಲು ಹಾಕದೆ ಕೈ ಹಾಕಬಾರದು. ಹೆಜ್ಜೇನು ಕಟ್ಟಿರುವ ಬಂಡೆಯ ಕೆಳಗೆ ಹೊಗೆ ಕೂಡದು. ಹಗ್ಗವಿಲ್ಲದೆ ಯಾವ ಗುಂಡಿಗೂ ಇಳಿಯಕೂಡದು. ಕಾಗದ ನೆನೆಸುವ ನೀರು ಬೇರೆ, ಕುಡಿಯುವ ನೀರು ಬೇರೆ. ಎಂಥ ಶಾಸನ ಸಿಕ್ಕರೂ ಎರಡನೆಯದನ್ನು ಮುಟ್ಟಕೂಡದು. ಸಂಧ್ಯಾವಂದನೆ ತಪ್ಪಿಸದ ಮನುಷ್ಯ, ಆದರೂ ನೀರಿನ ವಿಷಯ ಬಂದಾಗ, "ಬೆಟ್ಟದಲ್ಲಿ ಮಡಿ ಮೈಲಿಗೆ ಇಲ್ಲ. ನೀರು ಇದೆ, ಇಲ್ಲ ಅಂತ ಎರಡೇ ಜಾತಿ" ಎಂದು ಸಾಹೇಬರ ಸೋರೆಬುರುಡೆಯಿಂದ ಗಟಗಟ ಕುಡಿದುಬಿಡುತ್ತಿದ್ದರು.

ಸಾಹೇಬರೆಂದರೆ ನಮಗೆ ದಾರಿ ತೋರಿಸಲು ಬಂದ ಚನ್ನಪಟ್ಟಣದ ದಸ್ತಗೀರ್ ಸಾಹೇಬರು. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಬುಗುರಿ, ಬೊಂಬೆ ಕಡೆದು ಅರಗಿನ ಬಣ್ಣ ಹಚ್ಚುವ ಕಸುಬು. ಅದಕ್ಕೆ ಬೇಕಾದ ಹಾಲೆ ಮರ ಈ ಬೆಟ್ಟಗಳಲ್ಲಿ ಬೆಳೆಯುತ್ತದೆ. ಅದನ್ನು ಕಡಿಸಿ ತರುವುದಕ್ಕೆ ವರ್ಷಕ್ಕೆರಡು ಸಲ ಬರುತ್ತಿದ್ದರು. ಒಳ್ಳೆಯ ಜೊತೆಗಾರರು. ಒಂದೇ ಕುಂದೆಂದರೆ ದೂರದ ಲೆಕ್ಕ. ಎಷ್ಟು ದೂರ ಎಂದು ಕೇಳಿದರೆ, "ಇಲ್ಲೇ ಸ್ವಾಮಿ, ಒಂದು ಎಲೆಅಡಿಕೆ ಹಾಕ್ಕೊಳ್ಳೋವಷ್ಟು" ಎನ್ನುವರು. ಆ ಎಲೆಅಡಿಕೆ ಬೆಳಗಿನಿಂದ ಮಧ್ಯಾಹ್ನದ ತನಕ ಮುಗಿಯುತ್ತಿರಲಿಲ್ಲ.

ಕ್ಲೋಸ್‌ಪೇಟೆ ಸ್ಟೇಷನ್ನಿನಲ್ಲಿ ರೈಲಿಳಿದು, ಗಾಡಿ ಮಾಡಿಕೊಂಡು ಹೋಗಿ ನಾವು ಬೀಡು ಬಿಟ್ಟದ್ದು ಬಂದ್ರೇದೊಡ್ಡಿಯಲ್ಲಿ. ಬೆಟ್ಟದ ಕಾಲಬುಡದ ಸಣ್ಣ ದೊಡ್ಡಿ ಅದು, ಎಲ್ಲ ಒಕ್ಕಲು ಮನೆಗಳು. ಪಟೇಲರ ಪಡಸಾಲೆಯಲ್ಲಿ ನಮ್ಮ ವಾಸ. ಆ ದೊಡ್ಡಿಯಾಚೆ ಬೆಟ್ಟಗಳೊಳಗೆ ಜನವಿಲ್ಲದ ಒಂದು ಊರಿದೆ ಎಂದು ತಾಲ್ಲೂಕು ಕಚೇರಿಯ ನಕ್ಷೆ ಹೇಳುತ್ತಿತ್ತು. ಹೆಸರಿಲ್ಲ. ದೊಡ್ಡಿಯವರು ಅದನ್ನು ಬರೀ ಹಾಳೂರು ಎನ್ನುತ್ತಿದ್ದರು. ಯಾರು ಕಟ್ಟಿದರು, ಯಾವಾಗ ಬಿಟ್ಟರು, ಯಾಕೆ ಬಿಟ್ಟರು ಎಂದು ಕೇಳಿದರೆ ಅಜ್ಜಂದಿರೂ ತಲೆಯಾಡಿಸಿದರು. ಅದನ್ನು ತಿಳಿಯುವುದೇ ಜೋಯಿಸರ ಆ ಬೇಸಿಗೆಯ ಹಟವಾಗಿತ್ತು.

ಹಾಳೂರಿಗೆ ಹೋಗುವ ಕಣಿವೆಯ ಬಾಯಲ್ಲಿ, ದೊಡ್ಡಿಯ ಕಡೆಯ ಮನೆಯಿಂದ ಕಾಣುವಷ್ಟು ಹತ್ತಿರದಲ್ಲಿ, ಸೊಪ್ಪಿನ ಕಲ್ಲು ಇತ್ತು. ಬೆಟ್ಟದೊಳಗೆ ಹೋಗುವವರು ಮೇಕೆ ಕಾಯುವುದಕ್ಕೇ ಹೋಗಲಿ, ಸೌದೆಗೇ ಹೋಗಲಿ, ಒಂದು ಕಡ್ಡಿ ಬಂದರೆ ಸೊಪ್ಪು ಮುರಿದು ಆ ಕಲ್ಲಿನ ತಲೆಯ ಮೇಲೆ ಇಡಬೇಕು. ಹಿಂದಿರುಗುವಾಗ ತಮ್ಮ ಸೊಪ್ಪನ್ನು ಎತ್ತಿ ಬುಡಕ್ಕೆ ಹಾಕಬೇಕು. ಸಂಜೆ ಯಾರಾದರೊಬ್ಬರು ಹೋಗಿ ಕಲ್ಲಿನ ತಲೆ ನೋಡುತ್ತಾರೆ. ಬರಿದಾಗಿದ್ದರೆ ಎಲ್ಲರೂ ಬಂದರು. ಸೊಪ್ಪಿದ್ದರೆ ಯಾರೋ ಒಳಗಿದ್ದಾರೆ. ಬಂಡೆಯ ಮೇಲೆ ಬೆಂಕಿ ಹಾಕಿ ದಾರಿ ತೋರಿಸಬೇಕು, ಬೆಳಿಗ್ಗೆ ಹುಡುಕಲು ಹೋಗಬೇಕು. ಜೋಯಿಸರು ಇದನ್ನು ಕೇಳಿ ತೊಡೆ ತಟ್ಟಿಕೊಂಡು ಸಂತೋಷಪಟ್ಟರು. "ನಾನು ಇಷ್ಟು ವರ್ಷ ಬೆಟ್ಟ ಸುತ್ತಿ ಮಾಡಿದ ಕಟ್ಟಳೆಯಲ್ಲಿ ಇಂಥದ್ದೊಂದಿಲ್ಲವಲ್ಲಯ್ಯ ನಕಲು!" ಎಂದು ತಾವೇ ಮೊದಲು ಒಂದು ಕಡ್ಡಿ ಮುರಿದು ಇಟ್ಟರು.

ಇಡುವಾಗಲೇ ಅವರ ಕಣ್ಣಿಗೆ ಬಿತ್ತು. ತಲೆತಲಾಂತರದಿಂದ ಹಾಕಿದ ಸೊಪ್ಪು ಕೊಳೆತು, ಮಣ್ಣಾಗಿ, ಗುಡ್ಡೆ ಬೆಳೆದು ಕಲ್ಲು ಕುತ್ತಿಗೆಯವರೆಗೆ ಹೂತುಹೋಗಿತ್ತು. ಮೇಲೆ ಕಾಣುತ್ತಿದ್ದ ಗೇಣುದ್ದದಲ್ಲಿ ಸೂರ್ಯಚಂದ್ರರನ್ನು ಕೆತ್ತಿತ್ತು. ಸೂರ್ಯಚಂದ್ರರಿದ್ದಾರೆಂದರೆ ಕೆಳಗೆ ಬರಹವಿರಬೇಕು. ಹಾಳೂರಿನ ಹೆಸರು, ಕಟ್ಟಿದವನ ಹೆಸರು, ಎಲ್ಲವೂ ಆ ಗುಡ್ಡೆಯೊಳಗಿದೆ ಎಂದು ಜೋಯಿಸರಿಗೆ ಖಾತ್ರಿಯಾಯಿತು. ಗುದ್ದಲಿ ತರಲು ನನ್ನನ್ನು ಓಡಿಸಿದರು.

ಪಟೇಲರು ಅಡ್ಡ ಬಂದು ನಿಂತರು. "ತಲೆ ಮೇಲೆ ಸೊಪ್ಪು ಇರೋಗಂಟ ಬುಡ ಮುಟ್ಟಂಗಿಲ್ಲ ಸ್ವಾಮಿ. ಒಳಗಿರೋರು ದಾರಿ ತಪ್ತಾರೆ."

"ನನ್ನದು ತಾನೆ? ತೆಗೆದುಬಿಡುತ್ತೇನೆ."

"ನಿಮ್ಮದಲ್ಲ. ಅದರ ಕೆಳಗೊಂದೈತೆ ನೋಡಿ."

ಇತ್ತು. ಅದು ಹೊಂಬಾಳಮ್ಮ ಇಟ್ಟದ್ದು. ಹೊಂಬಾಳಮ್ಮ ಪಟೇಲರ ಅಣ್ಣನ ಸೊಸೆ. ಮೂರು ಬೇಸಿಗೆಯ ಹಿಂದೆ ಅವಳ ಗಂಡ ಸಾಹೇಬರಿಗೆ ಹಾಲೆ ಮರ ಕಡಿದು ಕೊಡಲು ಒಳಗೆ ಹೋದವನು ಹಿಂದಿರುಗಲಿಲ್ಲ. ಅವನು ಇಟ್ಟುಹೋದ ಸೊಪ್ಪು ಬಾಡುವ ಮುಂಚೆ ಅವಳು ಅದರ ಜಾಗದಲ್ಲಿ ಹೊಸದಿಟ್ಟಳು. ಅಂದಿನಿಂದ ಪ್ರತಿ ಸೋಮವಾರ ಬದಲಾಯಿಸುತ್ತಾಳೆ. ಕಲ್ಲಿನ ತಲೆಯ ಮೇಲೆ ಹಸಿ ಸೊಪ್ಪು ಇರುವ ತನಕ ದೊಡ್ಡಿಯ ಲೆಕ್ಕದಲ್ಲಿ ಅವನು ಸತ್ತಿಲ್ಲ, ಒಳಗಿದ್ದಾನೆ ಅಷ್ಟೆ. ಆದ್ದರಿಂದ ಅವಳ ಹಣೆಯಲ್ಲಿ ಕುಂಕುಮವಿದೆ, ಕೈಯಲ್ಲಿ ಬಳೆಯಿದೆ, ಮದುವೆ ಮನೆಯಲ್ಲಿ ಅವಳಿಗೂ ಅರಿಶಿನ ಕೊಡುತ್ತಾರೆ. ಆ ಸೊಪ್ಪು ಎತ್ತಿದ ದಿನ ಅವಳು ಮುಂಡೆ. ಜೋಯಿಸರಿಗೆ ಬೇಕಾದ ಅಕ್ಷರಗಳಿಗೂ ಅವರ ಗುದ್ದಲಿಗೂ ನಡುವೆ ಇದ್ದದ್ದು ಇಷ್ಟು.

"ನೀವು ಹುಡುಕಲಿಲ್ಲವೆ?" ಎಂದು ಜೋಯಿಸರು ಕೇಳಿದರು.

"ಹುಡುಕದೆ ಏನು ಸ್ವಾಮಿ, ನಮ್ಮ ಮನೆ ಮಗ. ಹಾಳೂರಿನ ಗಂಟ ಹೋಗಿದ್ವಿ, ಸಾಹೇಬ್ರೂ ಬಂದಿದ್ರು. ಎರಡನೇ ದಿನ ಹಾಳೂರಿನ ಕೂಗು ಬಂತು. ಬಂದ್ಬುಟ್ವಿ."

ಆ ಕೂಗಿನ ವಿಷಯ ಆಮೇಲೆ ಬಿಡಿಸಿ ಹೇಳಿದರು. ಹಾಳೂರಿನಲ್ಲಿ ಸತ್ತವರು ಆಗಾಗ ಕೂಗುತ್ತಾರೆ. ಓಗೊಟ್ಟರೆ ಓಗೊಟ್ಟವನನ್ನು ಕರೆದುಕೊಳ್ಳುತ್ತಾರೆ. ಒಳಗಿರುವವರ ಹೆಸರು ಅವರ ಕಿವಿಗೆ ಬಿದ್ದರೂ ಕೇಡು. ಹಾಗಾಗಿ ಬೆಟ್ಟದೊಳಗೆ ಯಾರೂ ಯಾರನ್ನೂ ಕೂಗುವ ಹಾಗಿಲ್ಲ, ಕೂಗು ಕೇಳಿದರೆ ಓ ಎನ್ನುವ ಹಾಗಿಲ್ಲ. ಒಳಗಿರುವವನ ಹೆಸರನ್ನು ಊರಿನಲ್ಲಿಯೂ ಎತ್ತುವುದಿಲ್ಲ. ಜೋಯಿಸರು ಇದನ್ನೂ ಮೆಚ್ಚಿಕೊಂಡರು. ಕಣಿವೆಯ ಎರಡೂ ಕಡೆ ಬಂಡೆಗೆ ಹೆಜ್ಜೇನು ತೊಟ್ಟಿಲಿನಂತೆ ಜೋತುಬಿದ್ದಿದ್ದವು. "ಗದ್ದಲ ಮಾಡದೆ ಇರಲಿ ಅಂತ ಹಿರಿಯರು ದೆವ್ವದ ಕಥೆ ಕಟ್ಟಿದ್ದಾರಯ್ಯ. ಒಳ್ಳೆಯ ಕಟ್ಟಳೆ" ಎಂದರು. ನನಗೂ ಸರಿಯೆನಿಸಿತು.

ಹೊಂಬಾಳಮ್ಮನನ್ನು ಕೇಳಿಯೇ ಬಿಡೋಣವೆಂದು ಹೋದೆವು. ಅವಳು ಕಣದಲ್ಲಿ ಹುರುಳಿ ಕೇರುತ್ತಿದ್ದಳು. ಅಳುಮುಖದ ಹೆಂಗಸನ್ನು ಎಣಿಸಿಕೊಂಡು ಹೋಗಿದ್ದ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಕೈಯಲ್ಲಿದ್ದ ಕೊಡೆ ನೋಡಿ, "ಅದ್ಯಾಕ್ ಸ್ವಾಮಿ, ಕಲ್ಲು ಹುಡ್ಕಕ್ಕೆ ಕೊಡೆ? ಕಲ್ಲಿಗೆ ನೆರಳು ಹಿಡಿಯಕ್ಕಾ?" ಎಂದು ನಕ್ಕಳು.

"ಹೌದಮ್ಮ, ಕಲ್ಲಿಗೇ. ಕಾಗದ ಬೇಗ ಒಣಗಿಬಿಡುತ್ತೆ" ಎಂದೆ. ನಿಜವೂ ಅದೇ. ಅವಳು ಇನ್ನಷ್ಟು ನಕ್ಕಳು.

ಜೋಯಿಸರು ಬಂದ ವಿಷಯ ಹೇಳಿದಾಗ ಮೊರ ಕೆಳಗಿಟ್ಟಳು. "ನಿಮ್ ಕಲ್ಲು ನೀವು ಓದ್ಕೊಳಿ ಸ್ವಾಮಿ, ನಾನ್ಯಾಕೆ ಬ್ಯಾಡ ಅನ್ಲಿ? ಯಾರೂ ಹೋಗ್ದಿರೋ ಕಡೆಗೆಲ್ಲ ಹೋಯ್ತೀರಂತೆ. ನಮ್ಮೋರನ್ನ ಒಸಿ ಹುಡುಕ್ಕೊಡಿ. ಹೆಂಗಿದ್ರೂ ಸರಿ. ಆವಾಗ ಸೊಪ್ಪ ನಾನೇ ಎತ್ತೀನಿ."

"ಸಿಗದಿದ್ದರೆ?"

"ಸಿಗ್ದಿದ್ರೆ ನಿಮ್ ಕಲ್ಲೂ ಸಿಗಾಕಿಲ್ಲ."

ಅಲ್ಲಿಗೆ ಒಪ್ಪಂದವಾಯಿತು. ಸರ್ಕಾರದ ಅಧಿಕಾರಿಗೂ ಹುರುಳಿ ಕೇರುವ ಹೆಂಗಸಿಗೂ ಆದ ಅಂಥ ಒಪ್ಪಂದವನ್ನು ನಾನು ನನ್ನ ನೌಕರಿಯಲ್ಲಿ ಮತ್ತೆ ಕಾಣಲಿಲ್ಲ.

ಭೂಗೋಳದ ಪುಸ್ತಕದಲ್ಲಿ ಓದಿದ ಮರುಭೂಮಿಯನ್ನು ನಾನು ನೋಡಿಲ್ಲ, ನೋಡಬೇಕೆಂಬ ಆಸೆಯೂ ಇಲ್ಲ. ಆ ಬೇಸಿಗೆಯ ಹಾಳೂರಿನ ದಾರಿ ನನಗೆ ಸಾಕು. ಕಣಿವೆ ದಾಟಿದರೆ ಒಣಗಿದ ಹಳ್ಳ, ಪಾದ ಹೂತುಹೋಗುವ ಮರಳು. ಅದರಾಚೆ ಬರೀ ಬಂಡೆ. ಸೂರ್ಯ ಒಂದು ಆಳೆತ್ತರ ಏರಿದನೆಂದರೆ ಬಂಡೆ ಕಾದು ಎಕ್ಕಡದ ತೊಗಲು ಮೆತ್ತಗಾಗುತ್ತಿತ್ತು. ಹಕ್ಕಿಯ ದನಿ ಕೂಡ ಇಲ್ಲ. ಜೇನಿನ ಬಂಡೆಯ ಕೆಳಗೆ ಹಾಯುವಾಗ ಮೂವರೂ ಉಸಿರು ಹಿಡಿದು, ಒಬ್ಬರ ಹಿಂದೊಬ್ಬರು, ಮದುವೆ ಮನೆಗೆ ತಡವಾಗಿ ಬಂದ ಬೀಗರಂತೆ ಸದ್ದಿಲ್ಲದೆ ನುಸುಳುತ್ತಿದ್ದೆವು.

ಮೊದಲ ಸಲ ಹೋದಾಗ ಹಾಳೂರು ಕಂಡಿತು, ಅಷ್ಟೆ. ಸೂರಿಲ್ಲದ ಗೋಡೆಗಳು, ಹೊಸಿಲ ಕಲ್ಲುಗಳು, ನಡುವೆ ಒಂದು ಮುದಿ ಹುಣಿಸೆಮರ. ಅದರ ನೆರಳಿನಲ್ಲಿ ಕೂತ ಐದು ನಿಮಿಷದಲ್ಲೇ ಜೋಯಿಸರು ನೆರಳು ನೋಡಿ, "ಏಳಿ, ಹೊತ್ತಾಯಿತು" ಎಂದು ಎಬ್ಬಿಸಿದರು. ಎರಡನೆಯ ಸಲ ಊರಿನ ಹಿಂದೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಗೂಡುಗಳು ಸಿಕ್ಕವು. ಜನ ಪಾಂಡವರ ಮನೆ ಎನ್ನುವಂಥವು. ಹಾಳೂರಿಗಿಂತ ಎಷ್ಟೋ ಕಾಲ ಹಿಂದಿನ ಯಾರದೋ ಸಮಾಧಿಗಳು ಎಂದರು ಜೋಯಿಸರು. ಜನವಿಲ್ಲದ ಆ ಜಾಗದಲ್ಲಿ ಎಷ್ಟು ಸಲ ಜನ ಇದ್ದು ಹೋಗಿದ್ದರೋ! ಹೊಂಬಾಳಮ್ಮನ ಗಂಡನ ಸುಳಿವು ಮಾತ್ರ ಇರಲಿಲ್ಲ. ಆ ಎರಡು ಸಲವೂ ನಾವು ಹಿಂದಿರುಗುವಾಗ ಅವಳು ಸೊಪ್ಪಿನ ಕಲ್ಲಿನ ಹತ್ತಿರ ನಿಂತಿರುತ್ತಿದ್ದಳು. ನಾವು ನಮ್ಮ ಸೊಪ್ಪು ಎತ್ತಿ ಬುಡಕ್ಕೆ ಹಾಕುವುದನ್ನು ನೋಡಿ, ಏನೂ ಕೇಳದೆ ಹೋಗಿಬಿಡುತ್ತಿದ್ದಳು.

ಮೂರನೆಯ ಸಲ ಹೊರಡುವ ಮುಂಚೆ ಜೋಯಿಸರು ಒಂದು ಪ್ರಶ್ನೆ ಹಾಕಿದರು. "ಇಷ್ಟು ಮನೆಯ ಜನ ನೀರೆಲ್ಲಿ ಕುಡಿದರು? ಕೆರೆಯಿಲ್ಲ, ಬಾವಿಯಿಲ್ಲ, ಹಳ್ಳ ಮಳೆಗಾಲದ್ದು."

"ಅದೇ ನಾನೂ ಕಾಣೆ ಸ್ವಾಮಿ. ನಾವು ಮರ ಕಡಿಯೋರು ಬುರುಡೆ ಹೊತ್ಕೊಂಡೇ ಬರೋದು. ಬುರುಡೆ ಖಾಲಿ ಆದ್ರೆ ಕೆಲಸ ಬಂದ್" ಎಂದರು ಸಾಹೇಬರು.

"ಹೊಂಬಾಳಮ್ಮನ ಗಂಡನ ಬುರುಡೆ ಖಾಲಿಯಾಗಿದ್ದರೆ?"

ಸಾಹೇಬರು ತಮ್ಮ ಬುರುಡೆಯನ್ನು ಬಾಯಿಮಟ್ಟ ತುಂಬಿಸಿ ಹೆಗಲಿಗೆ ಹಾಕಿಕೊಂಡರು.

ಹಾಳೂರು ತಲುಪಿ ಜೋಯಿಸರು ಗೋಡೆಗಳನ್ನು ಬಿಟ್ಟು ನೆಲ ನೋಡತೊಡಗಿದರು. ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು. ಪಡಿಯಚ್ಚಿಗೆ ಮುಂಚೆ ಸವೆದ ಅಕ್ಷರ ನೋಡುವುದು ಅಂಥ ಬೆಳಕಿನಲ್ಲೇ. ಬಂಡೆಯ ಮೈಮೇಲೆ ಸೊಂಟದಗಲದ ಒಂದು ಜಾಡು ಹೊಳೆಯಿತು. ಮಿಕ್ಕ ಬಂಡೆ ಉರುಟು, ಆ ಜಾಡು ನುಣುಪು. ನೂರಾರು ವರ್ಷ ಕೊಡ ಹೊತ್ತ ಹೆಂಗಸರು ನಡೆದು ನಡೆದು ಸವೆಸಿದ ದಾರಿ ಅದು. ಅದನ್ನು ಹಿಡಿದು ಹೋದೆವು. ಹುಣಿಸೆಮರದಿಂದ ಕೂಗಳತೆ ದೂರದಲ್ಲಿ, ಒಂದು ಕಾಡು ಅತ್ತಿಯ ಪೊದೆಯ ಹಿಂದೆ ಜಾಡು ಮುಗಿಯಿತು. ಪೊದೆ ಸರಿಸಿದರೆ ದೊಣೆ.

ದೊಣೆ ಎಂದರೆ ಬಂಡೆಯಲ್ಲೇ ಆದ ನೀರಿನ ಗುಂಡಿ. ಇದು ಗಡಿಗೆಯ ಆಕಾರದ್ದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಆಳ ಎರಡಾಳು. ಅತ್ತಿಯ ಬೇರಿಗೆ ಕಟ್ಟಿದ ಒಂದು ಒಣಗಿದ ಬಳ್ಳಿ ಬಾಯಿಂದ ಒಳಕ್ಕೆ ಇಳಿಬಿದ್ದಿತ್ತು. ಮೊಳದುದ್ದ ಹೋಗಿ ತುಂಡಾಗಿತ್ತು. ಸಾಹೇಬರು ಬಳ್ಳಿ ನೋಡಿದವರೇ ಕೂತುಬಿಟ್ಟರು.

ಹಗ್ಗ ಕಟ್ಟಿ ಇಳಿದದ್ದು ನಾನು. ಕೆಳಗೆ ತಂಪಾಗಿತ್ತು. ಆ ಬೇಸಿಗೆಯಲ್ಲಿ ನನಗೆ ತಂಪೆನಿಸಿದ ಜಾಗ ಅದೊಂದೇ. ತಳದಲ್ಲಿ ಒಣಗಿದ ಕೆಸರು, ಅದರ ಮೇಲೆ ಮನುಷ್ಯನ ಮೂಳೆಗಳು, ಒಂದು ಬೆಳ್ಳಿಯ ಉಡಿದಾರ, ಒಂದು ಕೊಡಲಿ. ಕೊಡಲಿಯ ಬಾಯಿ ಪೂರಾ ಮೊಂಡಾಗಿತ್ತು. ಯಾಕೆಂದು ತಿಳಿಯಲು ಗೋಡೆ ನೋಡಬೇಕಾಯಿತು. ಬಂಡೆಯಲ್ಲಿ ಕಾಲಿಡಲು ಕಚ್ಚುಗಳನ್ನು ಕಡಿದಿದ್ದ, ಒಂದರ ಮೇಲೊಂದು. ಮೊದಲನೆಯದರಲ್ಲಿ ನನ್ನ ಅರ್ಧ ಪಾದ ಹಿಡಿಯಿತು. ಮೇಲೆ ಹೋದಂತೆ ಆಳ ಕಡಿಮೆಯಾಗುತ್ತ ಬಂದು, ಕಡೆಯದು ಬರೀ ಬಿಳಿಯ ಗೀಟು. ಅಲ್ಲಿಂದ ದೊಣೆಯ ಬಾಯಿಗೆ ಇನ್ನೂ ಒಂದಾಳು ಉಳಿದಿತ್ತು. ಕಲ್ಲಿನ ಮೇಲಿನ ಗುರುತುಗಳನ್ನು ತೆಗೆಯುವುದೇ ನನ್ನ ಕಸುಬು. ಆದರೆ ಆ ಗುರುತುಗಳ ಮೇಲೆ ಕೈಯಿಟ್ಟಾಗ ನನಗೆ ಅಳು ಬಂತು. ಮೇಲಿದ್ದವರಿಗೆ ಕಾಣಲಿಲ್ಲ.

ಕಂಡದ್ದನ್ನೆಲ್ಲ ಹೇಳಿದೆ, ಜೋಯಿಸರು ಮೇಲಿನಿಂದ ಕೇಳಿಸಿಕೊಂಡರು. ಆಮೇಲೆ, "ನಕಲು, ಅಲ್ಲಿಂದ ಒಂದು ಸಲ ಕೂಗು. ನಾನು ಹುಣಿಸೆಮರದ ಹತ್ತಿರ ಹೋಗಿ ನಿಲ್ಲುತ್ತೇನೆ" ಎಂದರು.

ಹೆಜ್ಜೆ ದೂರವಾಯಿತು. ನಾನು ಕೂಗಿದೆ. ದನಿ ಗುಂಡಿಯೊಳಗೇ ಸುತ್ತಿ ಮೇಲಕ್ಕೆ ಹೋಯಿತು. ಅವರು ಹಿಂದಿರುಗಿ ಬಂದು ಬಾಯಿಯಲ್ಲಿ ಬಗ್ಗಿದರು.

"ಕೇಳಿಸಿತೆ?"

"ಕೇಳಿಸಿತು. ಮಾತು ತಿಳಿಯೋದಿಲ್ಲ. ಮನುಷ್ಯನದು ಅಂತಲೂ ಅನ್ನಿಸೋದಿಲ್ಲ. ಕೂಗು ಮಾತ್ರ ಕೇಳಿಸುತ್ತೆ."

ಆಗ ದೊಣೆಯ ಅಂಚಿನಲ್ಲಿ ಕೂತಿದ್ದ ಸಾಹೇಬರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಆ ಮರದಡೀಲೇ ಸ್ವಾಮಿ! ಅಲ್ಲೇ ಕೂತು ಬುತ್ತಿ ಬಿಚ್ಚಿದ್ವಿ. ಕೂಗು ಬಂತು. ಪಟೇಲರು ಏಳಿ ಏಳಿ ಅಂದ್ರು. ಬುತ್ತಿ ಅಲ್ಲೇ ಬಿಟ್ಟು ಓಡಿದ್ವಿ. ಅವನು ನಮ್ಮನ್ನೇ ಕರೀತಾ ಇದ್ದ, ಯಾ ಅಲ್ಲಾ, ನಮ್ಮನ್ನೇ ಕರೀತಾ ಇದ್ದ!"

ಜೋಯಿಸರು ತಮ್ಮ ಉತ್ತರೀಯವನ್ನು ಕೆಳಗೆ ಇಳಿಬಿಟ್ಟರು. ಅದರಲ್ಲಿ ಮೂಳೆಗಳನ್ನು ಕಟ್ಟಿಕೊಂಡು ಬಂದೆವು. ಅಂದು ಕಟ್ಟಳೆ ಮೀರಿತ್ತು. ನೆರಳು ಕಾಲಡಿ ದಾಟಿ ಆಚೆ ಬಿದ್ದಿತ್ತು. ಆದರೂ ಅವರು ನಮ್ಮನ್ನು ಅವಸರಪಡಿಸಲಿಲ್ಲ.

ಕಣಿವೆಯ ಬಾಯಿಗೆ ಬಂದಾಗ ಹೊಂಬಾಳಮ್ಮ ಎಂದಿನ ಜಾಗದಲ್ಲಿ ನಿಂತಿದ್ದಳು. ಸಾಹೇಬರ ಹೆಗಲ ಮೇಲಿನ ಕೊಡಲಿಯನ್ನು ದೂರದಿಂದಲೇ ಗುರುತಿಸಿದಳು. ಕೂಗಾಡಲಿಲ್ಲ. ಯಾರೋ ಓಡಿ ಹೋಗಿ ಪಟೇಲರನ್ನು ಕರೆತಂದರು, ಅವರ ಹಿಂದೆ ಇಡೀ ದೊಡ್ಡಿ ಬಂತು. ಗಂಟನ್ನು ಕಲ್ಲಿನ ಮುಂದಿಟ್ಟೆವು. ಅವಳು ಉಡಿದಾರ ಕೈಗೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದಳು.

"ಎಲ್ಲಿದ್ರು?"

"ಹಾಳೂರಿನ ದೊಣೆಯಲ್ಲಿ, ತಾಯಿ. ನೀರಿಗೆ ಇಳಿದಿದ್ದಾನೆ, ಬಳ್ಳಿ ಕಿತ್ತಿದೆ."

"ಬಿದ್ದ ಏಟ್ಗೇ ಹೋದ್ರಾ?"

ಜೋಯಿಸರು ಶಾಸನದಲ್ಲಿ ಇಲ್ಲದ ಅಕ್ಷರವನ್ನು ಎಂದೂ ಓದಿದವರಲ್ಲ. ಕಾಣದ ಕಡೆ ಚುಕ್ಕೆ ಹಾಕಿ ಬಿಡುವವರು. ಆ ಹೆಂಗಸಿನ ಮುಖ ನೋಡಿ ಒಂದು ಗಳಿಗೆ ತಡೆದರು, ಚುಕ್ಕೆ ಹಾಕಲಿಲ್ಲ. "ಇಲ್ಲ ತಾಯಿ. ಹತ್ತೋದಕ್ಕೆ ಬಂಡೆಯಲ್ಲಿ ಕಚ್ಚು ಕಡಿದಿದ್ದಾನೆ. ಅದು ಒಂದು ದಿನದ ಕೆಲಸವಲ್ಲ."

ಅವಳು ತಿರುಗಿ ಪಟೇಲರನ್ನು ನೋಡಿದಳು. "ಮಾವ, ಅವತ್ತು ಕೂಗು ಬಂತು ಅಂದ್ರಲ್ಲ."

ಪಟೇಲರು ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹುಡುಕಲು ಹೋಗಿದ್ದ ಮಿಕ್ಕವರೂ ಗುಂಪಿನಲ್ಲಿದ್ದರು. ಎಲ್ಲರೂ ನೆಲ ನೋಡುತ್ತಿದ್ದರು. ಅವರಲ್ಲಿ ಒಬ್ಬನೂ ಕೆಟ್ಟವನಲ್ಲ. ಹಿರಿಯರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು.

ಹೊಂಬಾಳಮ್ಮ ಕಲ್ಲಿನ ತಲೆಯ ಮೇಲಿದ್ದ ತನ್ನ ಸೊಪ್ಪನ್ನು ಎತ್ತಿದಳು. ಆ ಸೋಮವಾರ ಇಟ್ಟದ್ದು, ಇನ್ನೂ ಹಸಿರಾಗಿತ್ತು. ಬುಡಕ್ಕೆ ಹಾಕಿದಳು. ಹೆಂಗಸರು ಅವಳನ್ನು ಹಿಡಿದುಕೊಳ್ಳಲು ಮುಂದೆ ಬಂದರು. ಕೈ ಕೊಡವಿ ಬೆಟ್ಟದ ಕಡೆ ತಿರುಗಿ ನಿಂತಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಆ ಊರಿನಲ್ಲಂತೂ ಅವನ ಹೆಸರನ್ನು ಮೂರು ವರ್ಷದಿಂದ ಯಾರೂ ಹೇಳಿರಲಿಲ್ಲ. ಅಷ್ಟು ದಿನ ಅಲ್ಲೇ ಇದ್ದ ನನಗೂ ಗೊತ್ತಿರಲಿಲ್ಲ.

"ಬೋರಯ್ಯಾ..." ಎಂದು ಕೂಗಿದಳು.

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಬೆಟ್ಟ ಆ ಹೆಸರನ್ನು ಹಿಂದಕ್ಕೆ ಕೊಟ್ಟಿತು. ಅವಳು ಮತ್ತೆ ಕೂಗಿದಳು, ಇನ್ನೂ ಎತ್ತರಿಸಿ, ಗಂಟಲು ಒಡೆಯುವ ಹಾಗೆ. ಮತ್ತೆ ಬೆಟ್ಟ ಮರುನುಡಿಯಿತು. ಯಾರೂ ಅಲ್ಲಾಡಲಿಲ್ಲ. ಮೂರನೆಯ ಸಲ ಕೂಗಿ ಅವಳು ಪಟೇಲರ ಕಡೆ ನೋಡಿದಳು. ಆ ಮುದುಕರು ಒಂದು ಹೆಜ್ಜೆ ಮುಂದೆ ಬಂದರು. ಬೆಟ್ಟದ ಕಡೆ ಮುಖ ಮಾಡಿ, ಒಣಗಿದ ದನಿಯಲ್ಲಿ, "ಓ..." ಎಂದರು.

ಅದಾದ ಮೇಲೆ ನಡೆಯಬೇಕಾದದ್ದು ನಡೆಯಿತು. ಮೂಳೆಗಳನ್ನು ಅವರ ಹೊಲದಲ್ಲಿ ಮಣ್ಣು ಮಾಡಿದರು. ಬಳೆ ಒಡೆಯುವ ಶಾಸ್ತ್ರ ಆಯಿತೋ ಇಲ್ಲವೋ ನಾವು ನೋಡಲಿಲ್ಲ, ಕೇಳಲೂ ಇಲ್ಲ. ಕೆಲವು ದಿನ ಬಿಟ್ಟು ಹೊಂಬಾಳಮ್ಮ ತಾನೇ ಬಂದು, "ನಿಮ್ಮ ಕಲ್ಲು ಓದ್ಕೊಳಿ ಸ್ವಾಮಿ, ಮಾತು ಮಾತೇ" ಎಂದಳು. ಹಣೆ ಬರಿದಾಗಿತ್ತು. ಪಟೇಲರು ಆಗಲಿ ಎಂದು ತಲೆಯಾಡಿಸಿದರು. ಗುಡ್ಡೆ ಅಗೆದೆವು. ಸೂರ್ಯಚಂದ್ರರ ಕೆಳಗೆ ಬರಹವೇನೋ ಇತ್ತು. ಆದರೆ ಕೊಳೆತ ಸೊಪ್ಪಿನ ನೀರು ಇಳಿದು ಇಳಿದು ಕಲ್ಲಿನ ಮೈ ತಿಂದುಹೋಗಿತ್ತು. ಕೊಡೆ ಹಿಡಿದು, ಕಾಗದ ಹೊದಿಸಿ, ನಾನು ತೆಗೆದ ಪಡಿಯಚ್ಚಿನಲ್ಲಿ ಒಂದು ಅಕ್ಷರವೂ ಏಳಲಿಲ್ಲ. ಜೋಯಿಸರು ವರದಿಯಲ್ಲಿ 'ಬರಹ ಪೂರ್ತಿ ಸವೆದಿದೆ' ಎಂದು ಒಂದು ಸಾಲು ಹಾಕಿದರು. ಹಾಳೂರಿನ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಭರಣಿ ಮಳೆ ಬಿದ್ದ ಮಾರನೆಯ ದಿನ ಗಾಡಿ ಕಟ್ಟಿಸಿದೆವು. ದಾರಿಯಲ್ಲಿ ನಾನು, "ಕೂಗಬಾರದು ಅನ್ನೋ ಕಟ್ಟಳೆ ಒಳ್ಳೆಯದು ಅಂದಿದ್ದಿರಿ" ಎಂದೆ. ನನಗೆ ಆಗ ಬಾಯಿ ಸ್ವಲ್ಪ ಹೆಚ್ಚು.

"ಜೇನಿನ ಬಂಡೆಯ ಕೆಳಗೆ ಈಗಲೂ ಒಳ್ಳೆಯದೇ ಕಣಯ್ಯ" ಎಂದರು ಜೋಯಿಸರು. ವರ್ಷಗಳು ಕಳೆದು ಅವರೂ ತೀರಿಹೋದರು, ಸಾಹೇಬರೂ ಹೋದರು. ನಾನು ಆ ಕಡೆ ಹೋಗುವ ಪ್ರಸಂಗವೇ ಬರಲಿಲ್ಲ.

ಬಂದದ್ದು ಈ ಇದ್ದಿಲಿನ ಬಸ್ಸಿನ ದಯೆಯಿಂದ. ಕ್ಲೀನರು ಇನ್ನೂ ಚಕ್ರ ತಿರುಗಿಸುತ್ತಲೇ ಇದ್ದ. ಬೆಟ್ಟದ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ರಸ್ತೆಯಿಂದ ಒಳಗೆ, ಒಂದು ಬಂಡೆಯ ಮೇಲೆ ಹೆಂಗಸೊಬ್ಬಳು ನಿಂತು ಬಾಯಿಗೆ ಎರಡೂ ಕೈ ಆನಿಸಿಕೊಂಡು ಬೆಟ್ಟದ ಕಡೆ ಕೂಗಿದಳು. "ಪುಟ್ಟಸ್ವಾಮೀ... ಓ ಪುಟ್ಟಸ್ವಾಮೀ..."

ನಾನು ಹೊಸಕಿದ ಎಲೆ ಕೈಯಲ್ಲೇ ಹಿಡಿದು ಹತ್ತಿರ ಹೋದೆ. ಬಂದ್ರೇದೊಡ್ಡಿಯವಳೇ ಎಂದು ಕೇಳಿದರೆ ಹೌದೆಂದಳು.

"ಯಾರನ್ನಮ್ಮ ಕೂಗೋದು?"

"ನಮ್ಮೋರ್ನ. ಮೇಕೆ ಹೊಡ್ಕಂಡು ಒಳಗೆ ಹೋಗವ್ರೆ."

"ಗಂಡನ ಹೆಸರು ಹಿಡಿದು ಕೂಗುತ್ತೀಯಾ?"

"ಊರಾಗೆ ಕೂಗಾಕಿಲ್ಲ. ಬೆಟ್ಟಕ್ಕೆ ಹೋದ್ರೆ ಕೂಗ್ತೀವಿ, ಎಲ್ರೂ ಕೂಗ್ತಾರೆ."

"ಬೆಟ್ಟದಲ್ಲಿ ಕೂಗಬಾರದು ಅಂತಿತ್ತಲ್ಲ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಎಲ್ಲಿಯ ಮುದುಕಪ್ಪ ಇದು ಎನ್ನುವಂತೆ. "ಯಾರ್ ಹೇಳಿದ್ದು ನಿಮ್ಗೆ? ಕೂಗ್ದಿದ್ರೆ ನಾವು ಕಾಯ್ತಾ ಅವೀವಿ ಅಂತ ಒಳಗಿರೋರಿಗೆ ಹೆಂಗ್ ಗೊತ್ತಾಯ್ತದೆ?"

ಹೊಂಬಾಳಮ್ಮ ಗೊತ್ತೇ ಎಂದು ಕೇಳಿದೆ. ಆ ಹೆಸರಿನವರು ದೊಡ್ಡಿಯಲ್ಲಿ ಯಾರೂ ಇಲ್ಲ ಎಂದಳು. ಅಷ್ಟರಲ್ಲಿ ಬಸ್ಸು ಹೊಟ್ಟೆನೋವು ಬಂದಂತೆ ನರಳಿ ಎದ್ದಿತು. ಕಂಡಕ್ಟರು ಕೈಬೀಸಿ ಕರೆಯುತ್ತಿದ್ದ. ನಾನು ಹೋಗಲಿಲ್ಲ, ನಿಂತೆ. ಅವಳು ಇನ್ನೊಂದು ಸಲ ಕೂಗಿದಳು. ಹಾಳೂರಿನ ದಿಕ್ಕಿನಿಂದ, ಬಹಳ ದೂರದಿಂದ, ಒಬ್ಬ ಗಂಡಸು "ಓ..." ಎಂದ.